ಓದುಗರ ಪ್ರಶ್ನೆ, ನಮ್ಮ ಉತ್ತರ: ಹಾವರ್ಡ್ ಹಾಡ್ಜ್‌ಕಿನ್ ಅಮೂರ್ತ ಚಿತ್ರಕಾರರೇ?

ಕಳೆದ ಸಂಚಿಕೆಯಲ್ಲಿ ಅಮೂರ್ತ ಚಿತ್ರಕಲೆಯನ್ನು (ಗುರುತಿಸಬಹುದಾದ ಆಕೃತಿಗಳಿಲ್ಲದ ಚಿತ್ರಗಳನ್ನು) ಕುರಿತು ಪ್ರಕಟವಾದ ಲೇಖನದಲ್ಲಿ ಬ್ರಿಟಿಷ್ ಚಿತ್ರಕಾರ ಹಾವರ್ಡ್ ಹಾಡ್ಜ್‌ಕಿನ್ (1932–2017) ಅವರ ಹೆಸರು ಒಂದೇ ಸಾಲಿನಲ್ಲಿ ಬಂದುಹೋಗಿತ್ತು. ಆ ಒಂದು ಸಾಲನ್ನೇ ಹಿಡಿದು ಹಲವರು ಪತ್ರ ಬರೆದಿದ್ದಾರೆ. ಎಲ್ಲ ಪ್ರಶ್ನೆಗಳೂ ಒಬ್ಬರನ್ನೇ ಕುರಿತವಾದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಹಾಡ್ಜ್‌ಕಿನ್ ಅವರ ಚಿತ್ರಗಳಲ್ಲಿ ಬಣ್ಣದ ಪಟ್ಟೆ, ಚುಕ್ಕೆ, ಬಳಿತಗಳ ಹೊರತು ನನಗೆ ಏನೂ ಕಾಣುವುದಿಲ್ಲ. ಆದರೆ ಶೀರ್ಷಿಕೆಗಳಲ್ಲಿ ಊಟ, ಮಳೆ, ಗೆಳೆಯರ ಹೆಸರು, ಊರಿನ ಹೆಸರು ಇರುತ್ತವೆ. ಇಂಥವರನ್ನು ಅಮೂರ್ತ ಚಿತ್ರಕಾರರೆಂದು ಕರೆಯುವುದು ಸರಿಯೇ? (ಧಾರವಾಡದ ಚಿತ್ರಕಲಾ ವಿದ್ಯಾರ್ಥಿನಿ)

ಉತ್ತರ: ಕಲಾ ಇತಿಹಾಸದ ಪುಸ್ತಕಗಳು ಅವರನ್ನು ಸಾಮಾನ್ಯವಾಗಿ ಆ ಪಟ್ಟಿಯಲ್ಲಿಯೇ ಸೇರಿಸುತ್ತವೆ, ಅವರು ಮಾತ್ರ ಜೀವನದುದ್ದಕ್ಕೂ ಅದನ್ನು ಒಪ್ಪಲಿಲ್ಲ. ತಾನು ಬಿಡಿಸುವುದು ಇದ್ದದ್ದನ್ನೇ, ಆದರೆ ಅದರ ಹೊರರೂಪವನ್ನಲ್ಲ, ಭಾವನೆ ತುಂಬಿದ ಸನ್ನಿವೇಶಗಳನ್ನು ಎಂಬುದು ಅವರ ನಿಲುವಾಗಿತ್ತು. ಇದು ಸಂದರ್ಶನಕ್ಕೆಂದು ಹೊಸೆದ ಚಮತ್ಕಾರದ ಮಾತಲ್ಲ ಎಂಬುದು ಅವರು ಕೆಲಸ ಮಾಡುತ್ತಿದ್ದ ಕ್ರಮವನ್ನು ಗಮನಿಸಿದರೆ ತಿಳಿಯುತ್ತದೆ. ಅವರ ಬಹುಪಾಲು ಚಿತ್ರಗಳು ನಿರ್ದಿಷ್ಟವಾದ ಒಂದು ಕೋಣೆಯಲ್ಲಿ, ನಿರ್ದಿಷ್ಟ ವ್ಯಕ್ತಿಗಳ ನಡುವೆ, ಒಂದು ಸಂಜೆಯೋ ಒಂದು ಮಧ್ಯಾಹ್ನವೋ ನಡೆದ ಸಂಗತಿಯಿಂದ ಹುಟ್ಟಿದವು. ಆ ಸಂಗತಿಯನ್ನು ಅವರು ಸ್ಥಳದಲ್ಲೇ ಕುಳಿತು ಬರೆಯುತ್ತಿರಲಿಲ್ಲ. ಮನೆಗೆ ಬಂದು, ನೆನಪನ್ನೇ ಎದುರಿಗಿಟ್ಟುಕೊಂಡು ಬರೆಯುತ್ತಿದ್ದರು.

ಈಗ ಲಂಡನ್ನಿನ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿರುವ ‘ಸ್ಮಿತ್ ಸ್ಕ್ವೇರ್‌ನಲ್ಲಿ ರಾತ್ರಿಯೂಟ’ ಎಂಬ ಚಿತ್ರವನ್ನೇ ತೆಗೆದುಕೊಳ್ಳಿ. ಇಬ್ಬರು ಹಳೆಯ ಗೆಳೆಯರು ಊಟದ ಮೇಜಿನ ಎರಡು ಬದಿಗಳಲ್ಲಿ ಕುಳಿತು ಮಾತನಾಡುತ್ತಿದ್ದರು. ಅವರ ಹಿಂದೆ ಗೋಡೆಯ ಮೇಲೆ ಫ್ರೆಂಚ್ ಚಿತ್ರಕಾರ ಬೊನಾರ್‌ನ ಒಂದು ಸಣ್ಣ ಚಿತ್ರವಿತ್ತು. ಮೂಲವಸ್ತು ಇಷ್ಟೇ. ಇದನ್ನು ಅವರು 1975ರಲ್ಲಿ ಆರಂಭಿಸಿ 1979ರಲ್ಲಿ ಮುಗಿಸಿದರು. ಮುಗಿಯುವ ಹೊತ್ತಿಗೆ ಮುಖಗಳೂ ತಟ್ಟೆಗಳೂ ಕರಗಿಹೋಗಿ, ಆ ಸಂಜೆಯ ಬೆಳಕು, ಆ ಇಬ್ಬರ ನಡುವಿನ ಸಲುಗೆ ಮತ್ತು ಅಂತರ ಇವಿಷ್ಟೇ ಬಣ್ಣಗಳಾಗಿ ಉಳಿದವು.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯಕರವಾದದ್ದು. 1960ರ ದಶಕದ ಆರಂಭದಲ್ಲಿ ಲೇಖಕ ಬ್ರೂಸ್ ಚಾಟ್ವಿನ್ ಅವರ ಮನೆಯಲ್ಲಿ ನಡೆದ ಒಂದು ಔತಣದಿಂದ ಹಾಡ್ಜ್‌ಕಿನ್ ಒಂದು ಚಿತ್ರ ರಚಿಸಿದರು. ಆ ಮನೆಯಲ್ಲಿದ್ದ ಜಪಾನೀ ಮಡಿಚುವ ತೆರೆಯ (ಸ್ಕ್ರೀನಿನ) ಹೆಸರನ್ನೇ ಅದಕ್ಕೆ ಇಟ್ಟರು. ಆ ಚಿತ್ರದಲ್ಲಿ ಅತಿಥಿಗಳಿಗೆ ಮುಖ ತಿರುಗಿಸಿಕೊಂಡಂತಿರುವ ಹುಳಿಹಸಿರು ಬಣ್ಣದ ಬಳಿತವೇ ತಾನು ಎಂದು ಚಾಟ್ವಿನ್ ಆಮೇಲೆ ಬರೆದಿದ್ದಾರೆ. ತನ್ನ ಸಿಡುಕನ್ನು ಗೆಳೆಯನೊಬ್ಬ ಕುಂಚದ ಒಂದೇ ಎಳೆತದಲ್ಲಿ ಹಿಡಿದುಬಿಟ್ಟನೆಂಬುದನ್ನು ಅವರು ಒಪ್ಪಿಕೊಂಡಂತಿದೆ. ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲದ ಭಾವಚಿತ್ರವೆಂದರೆ ಇದೇ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯು 2017ರಲ್ಲಿ ಹಾಡ್ಜ್‌ಕಿನ್ ಅವರ ಭಾವಚಿತ್ರಗಳದ್ದೇ ಒಂದು ಪ್ರದರ್ಶನ ಏರ್ಪಡಿಸಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಅಮೂರ್ತರೆಂದು ಪಟ್ಟಿಯಾದವರೊಬ್ಬರಿಗೆ ಇಂಥ ಪ್ರದರ್ಶನ ಸಲ್ಲುವುದು ಅಪರೂಪ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನಮ್ಮ ಉತ್ತರವಿದು: ನೋಡುವವರ ಕಣ್ಣಿಗೆ ಅವು ಅಮೂರ್ತ, ರಚಿಸಿದವರ ಮನಸ್ಸಿನಲ್ಲಿ ಅಲ್ಲ. ಈ ಎರಡರ ನಡುವಿನ ಜಗ್ಗಾಟವೇ ಆ ಚಿತ್ರಗಳಿಗೆ ಕಸುವು ತಂದಿದೆ. ಶೀರ್ಷಿಕೆಯನ್ನು ಮುಚ್ಚಿಟ್ಟು ನೋಡಿದರೆ ಸಿಗುವ ಸುಖವೇ ಬೇರೆ, ಓದಿಕೊಂಡು ನೋಡಿದರೆ ಸಿಗುವುದೇ ಬೇರೆ. ವಿದ್ಯಾರ್ಥಿಯಾದ ನೀವು ಎರಡನ್ನೂ ಪ್ರಯತ್ನಿಸಬೇಕು, ಮೊದಲು ಮುಚ್ಚಿಟ್ಟುಕೊಂಡೇ.

ಪ್ರಶ್ನೆ: ಅವರ ಬಾಳಿನ ವಿವರಗಳನ್ನು ಸಂಕ್ಷೇಪವಾಗಿ ತಿಳಿಸುವಿರಾ? (ಶಿವಮೊಗ್ಗದ ನಿವೃತ್ತ ಅಧ್ಯಾಪಕರು)

ಉತ್ತರ: ಹಾಡ್ಜ್‌ಕಿನ್ ಹುಟ್ಟಿದ್ದು 1932ರ ಆಗಸ್ಟ್ 6ರಂದು, ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ. ಅವರದು ಕ್ವೇಕರ್ ಎಂಬ ಕ್ರೈಸ್ತ ಪಂಥದ, ಹಲವು ವಿದ್ವಾಂಸರನ್ನು ಕಂಡ ಮನೆತನ; ಹಾಡ್ಜ್‌ಕಿನ್ ಕಾಯಿಲೆಗೆ ಹೆಸರು ಕೊಟ್ಟ ಹತ್ತೊಂಬತ್ತನೆಯ ಶತಮಾನದ ವೈದ್ಯ ಥಾಮಸ್ ಹಾಡ್ಜ್‌ಕಿನ್ ಇದೇ ಬಳಗದವರು. ತಾಯಿ ಸಸ್ಯಗಳ ಚಿತ್ರ ಬರೆಯುತ್ತಿದ್ದರು, ತಂದೆಗೆ ತೋಟಗಾರಿಕೆಯಲ್ಲಿ ಅಪಾರ ಆಸಕ್ತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ 1943ರವರೆಗೆ, ಬಾಲಕ ಹಾವರ್ಡ್ ತಾಯಿ ಮತ್ತು ಸೋದರಿಯೊಡನೆ ಅಮೆರಿಕದ ಲಾಂಗ್ ಐಲೆಂಡಿನಲ್ಲಿದ್ದ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪರಿಚಯ ಆ ವಯಸ್ಸಿನಲ್ಲೇ ಆಯಿತು.

ಚಿತ್ರಕಾರನಾಗಬೇಕೆಂದು ಎಳೆಯ ವಯಸ್ಸಿನಲ್ಲೇ ನಿಶ್ಚಯಿಸಿದ್ದ ಆ ಹುಡುಗನಿಗೆ ಶಾಲೆ ಒಗ್ಗಲಿಲ್ಲ; ಹೆಸರಾಂತ ಈಟನ್ ಶಾಲೆಯಿಂದ ಅವನು ಓಡಿಹೋದ. ಆದರೆ ಆ ಶಾಲೆ ಅವನಿಗೆ ಒಂದು ದೊಡ್ಡ ಉಪಕಾರವನ್ನೇ ಮಾಡಿತ್ತು. ಅಲ್ಲಿನ ಚಿತ್ರಕಲಾ ಅಧ್ಯಾಪಕ ವಿಲ್ಫ್ರಿಡ್ ಬ್ಲಂಟ್ ಅವನಿಗೆ ಭಾರತದ ಕಿರುಚಿತ್ರಗಳನ್ನು (ಮಿನಿಯೇಚರ್ ವರ್ಣಚಿತ್ರಗಳನ್ನು) ತೋರಿಸಿದರು. ಮುಂದಿನದನ್ನು ಇನ್ನೊಬ್ಬ ಓದುಗರು ಕೇಳಿರುವುದರಿಂದ ಅದನ್ನು ಅಲ್ಲಿಗೇ ಬಿಡೋಣ.

ಲಂಡನ್ನಿನ ಕೇಂಬರ್‌ವೆಲ್ ಕಲಾಶಾಲೆಯಲ್ಲಿ ಸ್ವಲ್ಪ ಕಾಲ, ಆಮೇಲೆ ಕೋರ್ಷಮ್‌ನಲ್ಲಿದ್ದ ಬಾತ್ ಅಕಾಡೆಮಿಯಲ್ಲಿ 1950ರಿಂದ 1954ರವರೆಗೆ ಅವರು ಕಲಿತರು. ಮುಂದೆ ಅದೇ ಅಕಾಡೆಮಿಯಲ್ಲಿ ಹಲವು ವರ್ಷ ಪಾಠ ಮಾಡಿದರು. ಮೊದಲ ಏಕವ್ಯಕ್ತಿ ಪ್ರದರ್ಶನ ನಡೆದದ್ದು 1962ರಲ್ಲಿ. ಆಗ ಅವರಿಗೆ ಮೂವತ್ತರ ಸುಮಾರು. ಆ ದಶಕದಲ್ಲಿ, ಜಾಹೀರಾತು, ಸಿನಿಮಾ ಮುಂತಾದ ಜನಪ್ರಿಯ ವಸ್ತುಗಳನ್ನೇ ಚಿತ್ರಿಸುವ ಪಾಪ್ ಕಲೆಯ ಹುಡುಗರು ರಾತ್ರೋರಾತ್ರಿ ಪ್ರಸಿದ್ಧರಾಗುತ್ತಿದ್ದ ಲಂಡನ್ನಿನಲ್ಲಿ ಯಾವ ಗುಂಪಿಗೂ ಸೇರದ ಹಾಡ್ಜ್‌ಕಿನ್ ಬಹುಕಾಲ ಬದಿಯಲ್ಲಿಯೇ ಉಳಿದರು. ಅವರ ಕೀರ್ತಿ ಬೆಳೆದದ್ದು 1976ರಲ್ಲಿ ಆಕ್ಸ್‌ಫರ್ಡಿನಲ್ಲಿ ನಡೆದ ಪುನರವಲೋಕನ ಪ್ರದರ್ಶನದ ನಂತರ. ಮುಂದೆ ಟೇಟ್ ಗ್ಯಾಲರಿಯ ನಿರ್ದೇಶಕರಾದ ನಿಕೋಲಸ್ ಸೆರೋಟಾ ಅದನ್ನು ಏರ್ಪಡಿಸಿದ್ದರು. 1984ರಲ್ಲಿ, ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನವಾದ ವೆನಿಸ್ ಬಿಯನಾಲೆಯಲ್ಲಿ ಬ್ರಿಟನ್ನಿನ ಪ್ರತಿನಿಧಿಯಾದರು. ಮರುವರ್ಷ, ಆರಂಭವಾಗಿ ಎರಡನೆಯ ವರ್ಷದಲ್ಲಿದ್ದ, ಬ್ರಿಟನ್ನಿನ ಕಲಾವಿದರಿಗೆ ಕೊಡುವ ಟರ್ನರ್ ಪ್ರಶಸ್ತಿ ಅವರಿಗೆ ಬಂದಿತು. 1992ರಲ್ಲಿ ನೈಟ್ ಪದವಿ, 2003ರಲ್ಲಿ ಕಂಪ್ಯಾನಿಯನ್ ಆಫ್ ಆನರ್ ಗೌರವ ಸಂದವು. ಪ್ರಶಸ್ತಿಗಳ ಪಟ್ಟಿ ಇನ್ನೂ ಇದೆ, ಅದರಿಂದ ಚಿತ್ರಗಳು ಹೆಚ್ಚೇನೂ ಅರ್ಥವಾಗುವುದಿಲ್ಲ.

ಅವರು 1955ರಲ್ಲಿ ಮದುವೆಯಾದರು, ಇಬ್ಬರು ಗಂಡುಮಕ್ಕಳು. ತಾನು ಸಲಿಂಗಿಯೆಂಬ ಸತ್ಯವನ್ನು ನಡುವಯಸ್ಸಿನಲ್ಲಿ ಬಹಿರಂಗವಾಗಿ ಒಪ್ಪಿ ಬದುಕಿದರು. 1980ರ ದಶಕದಿಂದ ಕೊನೆಯವರೆಗೆ ಸಂಗೀತ ಲೇಖಕ ಆಂಟನಿ ಪೀಟಿ ಅವರ ಸಂಗಾತಿಯಾಗಿದ್ದರು. ಬದುಕಿನ ಈ ತಿರುವು ನಡೆದ ಕಾಲದಲ್ಲೇ ಅವರ ಬಣ್ಣಗಳು ಇನ್ನಷ್ಟು ಬಿಚ್ಚಿಕೊಂಡವೆಂದು ಹಲವು ವಿಮರ್ಶಕರು ಗುರುತಿಸಿದ್ದಾರೆ; 1970ರ ದಶಕದ ಆರಂಭದ ಮತ್ತು 1980ರ ದಶಕದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನಮಗೂ ಹಾಗೆಯೇ ಕಾಣುತ್ತದೆ. 2017ರ ಮಾರ್ಚ್ 9ರಂದು, ತಮ್ಮ 84ನೆಯ ವಯಸ್ಸಿನಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡರು. ಮೇಲೆ ಹೇಳಿದ ಭಾವಚಿತ್ರಗಳ ಪ್ರದರ್ಶನ ತೆರೆಯಲು ಆಗ ಎರಡೇ ವಾರ ಉಳಿದಿತ್ತು.

ಪ್ರಶ್ನೆ: ಇಂಥ ಚಿತ್ರವನ್ನು ನಮ್ಮ ಮನೆಯ ಮಗುವೂ ಅರ್ಧ ಗಂಟೆಯಲ್ಲಿ ಬಿಡಿಸಬಲ್ಲದು. ಒಂದು ಹಲಗೆಯ ಮೇಲೆ ನಾಲ್ಕಾರು ಬಳಿತಗಳನ್ನು ಎಳೆಯಲು ಇವರಿಗೆ ನಾಲ್ಕೈದು ವರ್ಷ ಏಕೆ ಬೇಕಾಗುತ್ತಿತ್ತು? (ಮಂಗಳೂರಿನ ಓದುಗರು)

ಉತ್ತರ: ಮಗುವಿನ ಮಾತು ಎಲ್ಲ ಅಮೂರ್ತ ಚಿತ್ರಗಳ ಬಗೆಗೂ ಕೇಳಿಬರುವಂಥದ್ದು, ಅದಕ್ಕೆ ನಾವು ಜಗಳವಾಡುವುದಿಲ್ಲ. ಪ್ರಶ್ನೆಯ ಎರಡನೆಯ ಭಾಗ ಮಾತ್ರ ಬಹಳ ಒಳ್ಳೆಯದು.

ಹಾಡ್ಜ್‌ಕಿನ್ ಅವರ ಚಿತ್ರಗಳ ಕೆಳಗೆ ಸಾಮಾನ್ಯವಾಗಿ ಎರಡು ಇಸವಿಗಳಿರುತ್ತವೆ: ‘ಮಳೆ’ 1984–89, ‘ನೇಪಲ್ಸ್ ಕೊಲ್ಲಿಯಲ್ಲಿ’ 1980–82, ‘ದೆಹಲಿಯಲ್ಲಿ ಶ್ರೀಮತಿ ಆಕ್ಟನ್’ 1967–71. ಇಷ್ಟು ವರ್ಷ ದಿನವೂ ಕುಂಚ ಹಿಡಿದಿದ್ದರೆಂದು ಇದರ ಅರ್ಥವಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಬಳಿ, ಹಿಂದೆ ಡೇರಿಯಾಗಿದ್ದ ಕಟ್ಟಡದಲ್ಲಿ ಅವರ ಕಾರ್ಯಾಗಾರವಿತ್ತು. ಗಾಜಿನ ಮಾಡಿನಿಂದ ಬೆಳಕು ಬೀಳುವ ಆ ಬಿಳಿ ಕೋಣೆಯಲ್ಲಿ ಕೆಲಸ ನಡೆಯುತ್ತಿದ್ದ ಚಿತ್ರಗಳೆಲ್ಲ ಗೋಡೆಗೆ ಒರಗಿರುತ್ತಿದ್ದವು. ಪ್ರತಿಯೊಂದರ ಮುಂದೆಯೂ ಬಿಳಿ ಬಟ್ಟೆಯ ದೊಡ್ಡ ಪರದೆಯ ಚೌಕಟ್ಟು ನಿಂತಿರುತ್ತಿತ್ತು. ಒಂದು ಹೊತ್ತಿಗೆ ಒಂದೇ ಚಿತ್ರದ ಪರದೆ ಸರಿಯುತ್ತಿತ್ತು. ಎದುರಿಗೆ ಕುಳಿತು ದಿಟ್ಟಿಸುವುದರಲ್ಲೇ ಹೆಚ್ಚಿನ ಸಮಯ ಕಳೆಯುತ್ತಿತ್ತು. ಬಣ್ಣ ಹಚ್ಚುವುದು ಕೆಲವೇ ಕ್ಷಣಗಳ ಕೆಲಸ. ಯಾವ ಬಣ್ಣ, ಎಲ್ಲಿ, ಎಷ್ಟು ಅಗಲ ಎಂದು ನಿಶ್ಚಯಿಸಲು ತಿಂಗಳುಗಳು ಹಿಡಿಯುತ್ತಿದ್ದವು. ಹಚ್ಚಿದ್ದು ಆ ಸಂಜೆಯ ನೆನಪಿಗೆ ಹೊಂದದಿದ್ದರೆ ಅದರ ಮೇಲೆಯೇ ಇನ್ನೊಂದು ಪದರ ಬೀಳುತ್ತಿತ್ತು. ಹೀಗಾಗಿ ನಾವು ಕಾಣುವ ನಾಲ್ಕಾರು ಬಳಿತಗಳ ಅಡಿಯಲ್ಲಿ ಬೇಡವಾದ ಬಳಿತಗಳು ಎಷ್ಟೋ ಹೂತುಹೋಗಿರುತ್ತವೆ. ಮೇಲಿನ ಪದರದ ಸಂದುಗಳಲ್ಲಿ ಕೆಲವೆಡೆ ಅವು ಇಣುಕುವುದೂ ಉಂಟು.

ಹಲಗೆಯ ವಿಷಯವೂ ಇದಕ್ಕೇ ಸಂಬಂಧಿಸಿದ್ದು. 1970ರ ಹೊತ್ತಿಗೆ ಅವರು ಕ್ಯಾನ್ವಾಸನ್ನು ಬಿಟ್ಟು ಮರದ ಫಲಕಗಳಿಗೆ ಬಂದರು. ಬಿಗಿದ ಬಟ್ಟೆ ಕುಂಚದ ಒತ್ತಡಕ್ಕೆ ಕುಗ್ಗುತ್ತದೆ, ಮೇಲಿಂದ ಮೇಲೆ ತಿದ್ದಿದರೆ ಸೊರಗುತ್ತದೆ; ಮರ ಹಾಗಲ್ಲ, ಎಷ್ಟು ಬಾರಿ ಬಳಿದರೂ ತಡೆದುಕೊಳ್ಳುತ್ತದೆ. ಹಳೆಯ ಪೀಠೋಪಕರಣಗಳ ಹಲಗೆ, ಬೇರೆ ಯಾರದೋ ಚಿತ್ರಕ್ಕಿದ್ದ ಹಳೆಯ ಚೌಕಟ್ಟು ಇಂಥವನ್ನು ಆರಿಸಿ ತಂದು, ಚೌಕಟ್ಟಿನ ಮೇಲೂ ಬಣ್ಣ ಹರಿಸುತ್ತಿದ್ದರು. ಹಿಡಿದಿಡಬೇಕಾದ ಭಾವ ಎಷ್ಟು ಕ್ಷಣಿಕವೋ ಅದರ ಸುತ್ತಲಿನ ಮರ ಅಷ್ಟೇ ಗಟ್ಟಿಯಾಗಿರಬೇಕು ಎಂಬುದು ಅವರ ತರ್ಕ. ಈ ಕಾರಣದಿಂದ ಹಾಡ್ಜ್‌ಕಿನ್ ಅವರ ಚಿತ್ರ ಮುದ್ರಿತ ಪುಟದಲ್ಲಿ ಅರ್ಧ ಸತ್ತಂತೆಯೇ ಸರಿ. ಪುಸ್ತಕದವರು ಚೌಕಟ್ಟನ್ನು ಕತ್ತರಿಸಿ ಅಚ್ಚು ಹಾಕಿದರಂತೂ ಕೆಲಸ ಕೆಟ್ಟಿತು. ಏಕೆಂದರೆ ಅಲ್ಲಿ ಚೌಕಟ್ಟೂ ಚಿತ್ರವೇ.

ಇದಕ್ಕೆ ಪೂರ್ತಿ ವಿರುದ್ಧವಾದ ಒಂದು ಕೆಲಸವನ್ನೂ ಅವರು ಮಾಡಿದ್ದಾರೆಂಬುದನ್ನು ನಿಮಗೆ ಹೇಳಲೇಬೇಕು. 1978ರಲ್ಲಿ ಅಹಮದಾಬಾದಿನಲ್ಲಿ ಸಾರಾಭಾಯಿ ಕುಟುಂಬದ ಆತಿಥ್ಯದಲ್ಲಿದ್ದಾಗ, ಆಗತಾನೇ ತಯಾರಾದ ಒದ್ದೆ ಕೈಕಾಗದದ ಮೇಲೆ ಬಟ್ಟೆಗೆ ಹಾಕುವ ಬಣ್ಣಗಳಿಂದ ಅವರು ಒಂದು ಸರಣಿಯನ್ನೇ ರಚಿಸಿದರು. ಒದ್ದೆ ಕಾಗದ ಬಣ್ಣವನ್ನು ತಕ್ಷಣ ಹೀರಿಕೊಳ್ಳುತ್ತದೆ. ಅಳಿಸುವಂತಿಲ್ಲ, ಮೇಲೆ ಬಳಿದು ಮುಚ್ಚುವಂತಿಲ್ಲ. ವರ್ಷಗಟ್ಟಲೆ ಕಾಯುವವರು ಅಲ್ಲಿ ಕಾಗದ ಒಣಗುವುದರೊಳಗೆ ತೀರ್ಮಾನಿಸಬೇಕಾಯಿತು. ‘ಭಾರತದ ಎಲೆಗಳು’ ಎಂಬ ಹೆಸರಿನಲ್ಲಿ ಆ ಸರಣಿ 1982ರಲ್ಲಿ ಟೇಟ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡಿತು. ನಿಮ್ಮ ಅರ್ಧ ಗಂಟೆಯ ಲೆಕ್ಕಕ್ಕೆ ಹತ್ತಿರ ಬರುವ ಚಿತ್ರಗಳು ಅವೇ ಇರಬೇಕು.

ಪ್ರಶ್ನೆ: ಅವರಿಗೂ ಭಾರತಕ್ಕೂ ಇದ್ದ ನಂಟೇನು? ಬಿಜಾಪುರದ ಚಿತ್ರಗಳು ಅವರ ಬಳಿಯಿದ್ದುವೆಂದು ಕೇಳಿದ್ದೇನೆ, ನಿಜವೇ? (ವಿಜಯಪುರದ ಓದುಗರು)

ಉತ್ತರ: ನಿಜ. ಶಾಲಾ ದಿನಗಳಲ್ಲಿ ಕಂಡ ಕಿರುಚಿತ್ರಗಳ ಗುಂಗು ಅವರನ್ನು ಬಿಡಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಒಂದೊಂದಾಗಿ ಕೊಳ್ಳಲು ತೊಡಗಿದರು. 1964ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನ ಭಾರತೀಯ ಕಲಾತಜ್ಞ ರಾಬರ್ಟ್ ಸ್ಕೆಲ್ಟನ್ ಅವರ ಜೊತೆಯಲ್ಲಿ ಮೊದಲ ಬಾರಿ ಭಾರತಕ್ಕೆ ಬಂದರು. ಅಲ್ಲಿಂದ ಮುಂದೆ ಐವತ್ತು ವರ್ಷ ಮತ್ತೆ ಮತ್ತೆ ಬರುತ್ತಲೇ ಇದ್ದರು. ತೀರಿಕೊಳ್ಳುವುದಕ್ಕೆ ಕೆಲವೇ ವಾರಗಳ ಮೊದಲು, 2017ರ ಆರಂಭದಲ್ಲಿ, ಕೊನೆಯ ಕೆಲವು ಚಿತ್ರಗಳನ್ನು ಮುಗಿಸಿದ್ದೂ ಭಾರತದಲ್ಲಿಯೇ.

ಮೊಘಲ್, ರಾಜಸ್ಥಾನಿ, ಪಹಾಡಿ, ದಖನಿ ಎಂದು ನೂರಿಪ್ಪತ್ತಕ್ಕೂ ಹೆಚ್ಚು ಕೃತಿಗಳು ಅವರ ಸಂಗ್ರಹದಲ್ಲಿದ್ದವು. ನಿಮ್ಮೂರಿಗೆ ಸೇರಿದ ಒಂದು ಅದರಲ್ಲಿ ಬಹು ಪ್ರಸಿದ್ಧ: ಸುಲ್ತಾನ ಮುಹಮ್ಮದ್ ಆದಿಲ್ ಶಾಹ ಮತ್ತು ಅವನ ಮಂತ್ರಿ ಇಖ್ಲಾಸ್ ಖಾನ್ ಒಂದೇ ಆನೆಯ ಮೇಲೆ ಸವಾರಿ ಹೊರಟಿರುವ, ಸುಮಾರು 1645ರ ಚಿತ್ರ. ಬರೆದವರು ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಇಬ್ಬರು ಆಸ್ಥಾನ ಚಿತ್ರಕಾರರು. ಸುಲ್ತಾನನೆಂದರೆ ಗೋಲಗುಮ್ಮಟದಲ್ಲಿ ಮಲಗಿರುವ ಅದೇ ಮುಹಮ್ಮದ್. ಇಖ್ಲಾಸ್ ಖಾನ್ ಆಫ್ರಿಕಾ ಮೂಲದ ಹಬ್ಶಿ, ಬಿಜಾಪುರದ ಆಡಳಿತದಲ್ಲಿ ಬಹು ಎತ್ತರಕ್ಕೇರಿದವನು. ಅರಸ ಮುಂದೆ, ಮಂತ್ರಿ ಹಿಂದೆ, ಇಬ್ಬರಿಗೂ ಆನೆ ಒಂದೇ. ಮಂತ್ರಿಯ ಅಧಿಕಾರ ಎಷ್ಟಿತ್ತೆಂಬುದನ್ನು ಹೇಳಲು ಆಸ್ಥಾನ ಚಿತ್ರಕಾರರಿಗೆ ಇದಕ್ಕಿಂತ ನಾಜೂಕಾದ ದಾರಿ ಇರಲಿಲ್ಲ. ಹಾಡ್ಜ್‌ಕಿನ್ ಅವರಿಗೆ ಆನೆಗಳೆಂದರೆ ಎಲ್ಲಿಲ್ಲದ ಮೋಹ. ಸಂಗ್ರಹದ ತುಂಬ ಆನೆಗಳೇ.

ಅವರು ಚಿತ್ರಗಳನ್ನು ಆರಿಸುತ್ತಿದ್ದ ರೀತಿ ಇತಿಹಾಸಕಾರನದಲ್ಲ. ಪ್ರತಿ ಶೈಲಿಗೂ ಒಂದೊಂದು ಮಾದರಿ ಇರಲೆಂಬ ಹಟ ಅವರಿಗಿರಲಿಲ್ಲ. ಚಿತ್ರಕಾರನ ಕಣ್ಣಿಗೆ ಹಿಡಿಸಿದ್ದನ್ನು ಕೊಂಡರು, ಹೆಚ್ಚು ಒಳ್ಳೆಯದು ಸಿಕ್ಕಾಗ ಹಳೆಯದನ್ನು ಬಿಟ್ಟುಕೊಟ್ಟರು. 2012ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂ ಈ ಸಂಗ್ರಹವನ್ನು ಪ್ರದರ್ಶಿಸಿತು. ಅವರ ನಿಧನಾನಂತರ, 2022ರಲ್ಲಿ, ಅದರ ಎಂಬತ್ತಕ್ಕೂ ಹೆಚ್ಚು ಕೃತಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪಡೆದುಕೊಂಡು, 2024ರಲ್ಲಿ ದೊಡ್ಡ ಪ್ರದರ್ಶನವೊಂದನ್ನು ನಡೆಸಿತು.

ಈ ಕಿರುಚಿತ್ರಗಳು ಅವರ ಸ್ವಂತ ಚಿತ್ರಗಳ ಮೇಲೆ ಪ್ರಭಾವ ಬೀರಿದವೇ ಎಂದು ಕೇಳಿದವರಿಗೆಲ್ಲ ಅವರು ಬಹುಮಟ್ಟಿಗೆ ಇಲ್ಲವೆಂದೇ ಹೇಳುತ್ತಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಅವರ ಮಾತನ್ನು ಹಾಗೆಯೇ ಒಪ್ಪಲು ನಮ್ಮಿಂದಾಗದು. ಕಿರುಚಿತ್ರದ ಸುತ್ತಲಿನ ಅಂಚುಪಟ್ಟಿಯನ್ನು ಒಳಗಿನ ಮರದ ರೆಂಬೆಯೋ ಕುದುರೆಯ ಗೊರಸೋ ದಾಟಿ ಹೊರಬರುವುದನ್ನು ನೋಡಿದವರಿಗೆ, ಚೌಕಟ್ಟಿನ ಮೇಲೆ ಬಣ್ಣ ಹರಿಸುವ ಹಾಡ್ಜ್‌ಕಿನ್ ತೀರ ಅಪರಿಚಿತರೆನಿಸುವುದಿಲ್ಲ.

ಭಾರತದ ಚಿತ್ರಕಾರರಲ್ಲಿ ಬರೋಡದ ಭೂಪೇನ್ ಖಖ್ಖರ್ ಹಾಡ್ಜ್‌ಕಿನ್ ಅವರಿಗೆ ಆಪ್ತರಾಗಿದ್ದರು. ವೃತ್ತಿಯಿಂದ ಲೆಕ್ಕಪತ್ರಗಾರರಾಗಿದ್ದ ಖಖ್ಖರ್ 1979ರಲ್ಲಿ ಇಂಗ್ಲೆಂಡಿಗೆ ಹೋಗಿ, ಹಾಡ್ಜ್‌ಕಿನ್ ಅವರ ಮನೆಯಲ್ಲಿದ್ದುಕೊಂಡು ಬಾತ್ ಅಕಾಡೆಮಿಯಲ್ಲಿ ಪಾಠ ಮಾಡಿದರು. ದರ್ಜಿ, ಕ್ಷೌರಿಕ, ಗಡಿಯಾರ ರಿಪೇರಿಯವರನ್ನು ಕಣ್ಣಿಗೆ ಕಟ್ಟುವಂತೆ ಬರೆದ ಒಬ್ಬರು, ಗೆಳೆಯನನ್ನು ಬಣ್ಣದ ಬಳಿತವಾಗಿಸಿದ ಇನ್ನೊಬ್ಬರು. ಶೈಲಿಯಲ್ಲಿ ಒಬ್ಬರಿಗೊಬ್ಬರು ಏನೂ ಸಾಲ ಪಡೆಯಲಿಲ್ಲ. ಸ್ನೇಹಕ್ಕೆ ಅದು ಅಡ್ಡಿಯೂ ಆಗಲಿಲ್ಲ.

ಪ್ರಶ್ನೆ: ಅವರ ಕೃತಿಯನ್ನು ಭಾರತದಲ್ಲಿ ಎಲ್ಲಿ ನೋಡಬಹುದು? (ಬೆಂಗಳೂರಿನ ಓದುಗರು)

ಉತ್ತರ: ದೆಹಲಿಗೆ ಹೋದಾಗ ಕಸ್ತೂರಬಾ ಗಾಂಧಿ ಮಾರ್ಗದಲ್ಲಿರುವ ಬ್ರಿಟಿಷ್ ಕೌನ್ಸಿಲ್ ಕಟ್ಟಡದ ಮುಂದೆ ನಿಂತುಕೊಳ್ಳಿ. 1992ರಲ್ಲಿ ಪೂರ್ಣಗೊಂಡ ಆ ಕಟ್ಟಡವನ್ನು ವಿನ್ಯಾಸಗೊಳಿಸಿದವರು ಚಾರ್ಲ್ಸ್ ಕೊರಿಯಾ. ನಿಮ್ಮೂರಿನ ವಿಶ್ವೇಶ್ವರಯ್ಯ ಕೇಂದ್ರವೂ ಅವರದೇ ಕೆಲಸ. ಕಟ್ಟಡದ ಮುಖವನ್ನು ಇಡಿಯಾಗಿ ಅವರು ಹಾಡ್ಜ್‌ಕಿನ್ ಅವರಿಗೆ ಬಿಟ್ಟುಕೊಟ್ಟರು. ಬಣ್ಣಕ್ಕಾಗಿಯೇ ಹೆಸರಾದ ಚಿತ್ರಕಾರರು ಅಲ್ಲಿ ಬಣ್ಣವನ್ನೇ ಕೈಬಿಟ್ಟರು: ಬಿಳಿಗೆ ಮಕರಾನಾ ಅಮೃತಶಿಲೆ, ಕಪ್ಪಿಗೆ ನಮ್ಮ ಅಡುಗೆಮನೆಗಳ ಕಟ್ಟೆಗೆ ಹಾಸುತ್ತಿದ್ದ ಅದೇ ಕಡಪ ಕಲ್ಲು. ದೊಡ್ಡ ಮರವೊಂದರ ಕೊಂಬೆ ಮತ್ತು ಎಲೆಗಳ ನೆರಳು ಗೋಡೆಯ ಮೇಲೆ ಬಿದ್ದಂತೆ ಕಪ್ಪು ಆಕಾರಗಳು ಕಟ್ಟಡದ ಎದುರುಭಾಗವನ್ನೆಲ್ಲ ಆವರಿಸಿ, ಪ್ರವೇಶದ ಒಳಗೋಡೆಗಳ ಕಡೆಗೂ ಹೊರಳುತ್ತವೆ. ಹತ್ತಿರ ನಿಂತರೆ ಬರೀ ಕಪ್ಪು-ಬಿಳಿ ತುಂಡುಗಳು. ರಸ್ತೆಯ ಆಚೆ ಬದಿಗೆ ಸರಿದರೆ ಆಲದ ನೆರಳು. ಮೊದಲ ಪ್ರಶ್ನೆ ಕೇಳಿದ ಧಾರವಾಡದ ವಿದ್ಯಾರ್ಥಿನಿಯವರೂ ಇದನ್ನು ನೋಡಬೇಕು.

ಅದು ಕೆಲಸ ನಡೆಯುವ ಕಚೇರಿಯಾದರೂ ಗೋಡೆಯನ್ನು ನೋಡಲು ಒಳಗೆ ಹೋಗಬೇಕಾಗಿಲ್ಲ, ಟಿಕೆಟ್ಟೂ ಬೇಕಿಲ್ಲ. ಇಡೀ ಆಕಾರ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತದೆ. ಮರದ ಫಲಕದ ಚಿತ್ರಗಳಿಗಾಗಿ ಸದ್ಯಕ್ಕೆ ಟೇಟ್ ಗ್ಯಾಲರಿಯ ಜಾಲತಾಣವನ್ನೂ, ಅವರ ಸಂಗ್ರಹದ ಕಿರುಚಿತ್ರಗಳಿಗಾಗಿ ಮೆಟ್ರೊಪಾಲಿಟನ್ ಮ್ಯೂಸಿಯಂನ ಜಾಲತಾಣವನ್ನೂ ನೋಡಬಹುದು.